ಸಂತ ದೇವಸಹಾಯಂ: ಕ್ರಿಸ್ತನಲ್ಲಿ ಹೊಸ ಹೆಸರು, ಹೊಸ ಬಳಗ

ಜನವರಿ 14ರಂದು ನಾಡೆಲ್ಲ ಸಂಕ್ರಾಂತಿಯ ಸಂಭ್ರಮ. ಅದೇ ದಿನ ಭಾರತದ ಧರ್ಮಸಭೆಯು ಒಬ್ಬ ರಕ್ತಸಾಕ್ಷಿಯನ್ನು ಭಕ್ತಿಯಿಂದ ಸ್ಮರಿಸುತ್ತದೆ. ಅವರು ಗುರುಗಳಲ್ಲ, ಸನ್ಯಾಸಿಯೂ ಅಲ್ಲ, ನಮ್ಮಂತೆಯೇ ಸಂಸಾರವಂದಿಗರು. ಸಂತಪದವಿಗೇರಿದ ಭಾರತದ ಪ್ರಥಮ ಗೃಹಸ್ಥರೆಂಬ ಹಿರಿಮೆಗೆ ಪಾತ್ರರಾದ ಅವರೇ ಸಂತ ದೇವಸಹಾಯಂ.

ಇಂದಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂ ಎಂಬ ಗ್ರಾಮದಲ್ಲಿ 1712ರ ಏಪ್ರಿಲ್ 23ರಂದು ಸಿರಿವಂತ ಹಿಂದೂ ಮನೆತನದಲ್ಲಿ ಜನಿಸಿದ ಅವರಿಗೆ ಹೆತ್ತವರಿಟ್ಟ ಹೆಸರು ನೀಲಕಂಠ. ಪಿಳ್ಳೈ ಎಂಬುದು ಕುಲದ ಗುರುತು. ತಿರುವಾಂಕೂರಿನ ಅರಸ ಮಾರ್ತಾಂಡವರ್ಮನ ಆಸ್ಥಾನದಲ್ಲಿ ಅಧಿಕಾರಿಯಾಗಿ ಅವರು ಗೌರವ ಗಳಿಸಿದ್ದರು. ಭಾರ್ಗವಿ ಅಮ್ಮಾಳ್ ಅವರ ಧರ್ಮಪತ್ನಿ.

1741ರ ಕೊಳಚ್ಚಲ್ ಕದನದಲ್ಲಿ ಡಚ್ಚರು ಸೋತರು. ಸೆರೆಯಾದ ಡಚ್ ಸೇನಾನಿ ಡಿಲನಾಯ್ ಮುಂದೆ ಅರಸನ ಸೇನೆಯನ್ನೇ ತರಬೇತುಗೊಳಿಸುವಷ್ಟು ವಿಶ್ವಾಸ ಗಳಿಸಿದನು. ಕಥೋಲಿಕನಾಗಿದ್ದ ಈತನೊಡನೆ ನೀಲಕಂಠರಿಗೆ ಸ್ನೇಹ ಬೆಳೆಯಿತು. ಆ ದಿನಗಳಲ್ಲಿ ಆಸ್ತಿಪಾಸ್ತಿ ನಷ್ಟವಾಗಿ ಅವರು ಕುಗ್ಗಿಹೋಗಿದ್ದರು. ಎಲ್ಲವನ್ನೂ ಕಳೆದುಕೊಂಡರೂ ದೇವರನ್ನು ಬಿಡದ ಯೋಬನ ಕಥೆಯನ್ನು ಗೆಳೆಯನು ಹೇಳಿದನು. ಒಬ್ಬ ಸೆರೆಯಾಳಿನ ಸಾಂತ್ವನವೇ ಒಬ್ಬ ಅಧಿಕಾರಿಯ ಬಾಳಿಗೆ ಬೆಳಕಾಯಿತು.

1745ರ ಮೇ 14ರಂದು ವಡಕ್ಕನ್‌ಕುಳಂ ಎಂಬಲ್ಲಿ ಯೇಸುಸಭೆಯ ಗುರು ಬುಟ್ಟಾರಿಯವರಿಂದ ಅವರು ಜ್ಞಾನಸ್ನಾನ ಪಡೆದರು. ಅವರಿಗೆ ದೊರೆತ ಲಾಜರ ಎಂಬ ಹೆಸರಿನ ತಮಿಳು ರೂಪವೇ ದೇವಸಹಾಯಂ. ಪತ್ನಿಯೂ ದೀಕ್ಷೆ ಪಡೆದು ಜ್ಞಾನಪ್ಪೂ, ಅಂದರೆ ತೆರೇಸಾ, ಆದರು.

ಹೆಸರು ಬದಲಾದುದು ದೊಡ್ಡ ಮಾತಲ್ಲ, ನಡೆಯೂ ಬದಲಾಯಿತು. ಮುಟ್ಟುವುದಿರಲಿ, ಹತ್ತಿರ ಸುಳಿಯುವುದೂ ಮೈಲಿಗೆಯೆನಿಸಿದ್ದ ಜನರೊಡನೆ ಅವರು ಸಹೋದರರಂತೆ ಬೆರೆತರು, ಅವರೊಡನೆ ಕುಳಿತು ಉಂಡರು. ಒಂದೇ ತಂದೆಯ ಮಕ್ಕಳಲ್ಲಿ ಮೇಲು ಕೀಳು ಸಲ್ಲದೆಂಬುದನ್ನು ಬಾಳಿ ತೋರಿಸಿದರು. ಇದು ಆಸ್ಥಾನದ ಪ್ರಬಲರ ಕಣ್ಣು ಕೆಂಪಾಗಿಸಿತು. ರಾಜದ್ರೋಹದ ಆರೋಪ ಹೊರಿಸಿ 1749ರ ಫೆಬ್ರವರಿಯಲ್ಲಿ ಅವರನ್ನು ಸೆರೆಹಿಡಿಯಲಾಯಿತು.

ಮುಂದಿನ ಮೂರು ವರ್ಷಗಳ ಯಾತನೆಯನ್ನು ನೆನೆದರೆ ನಮ್ಮ ಮನ ಕಲಕುತ್ತದೆ. ಮರಣದಂಡಿತರಿಗೆ ತೊಡಿಸುವ ಎಕ್ಕದ ಹೂವಿನ ಮಾಲೆ ಹಾಕಿ, ಕೋಣದ ಮೇಲೆ ಹಿಮ್ಮುಖವಾಗಿ ಕೂರಿಸಿ, ಊರಿಂದ ಊರಿಗೆ ಮೆರವಣಿಗೆ ಮಾಡಿದರು. ಹೊಡೆದ ಗಾಯಗಳಿಗೆ ಮೆಣಸಿನ ಪುಡಿ ಹಚ್ಚಿದರು. ಹಳೆಯ ಮತಕ್ಕೆ ಮರಳಿದರೆ ಕಳೆದುಕೊಂಡ ಸ್ಥಾನಮಾನ ದೊರೆಯಬಹುದಿತ್ತು. ಆದರೆ ಅವರ ವಿಶ್ವಾಸ ಅಲುಗಾಡಲಿಲ್ಲ. ಕಟ್ಟಿಹಾಕಿದ್ದ ಸ್ಥಳಕ್ಕೇ ಜನ ಬಂದು ಪ್ರಾರ್ಥನೆಯ ನೆರವು ಬೇಡತೊಡಗಿದರು.

1752ರ ಜನವರಿ 14ರಂದು ಆರಲ್ವಾಯ್‌ಮೊಳಿಯ ಬಳಿಯ ಕಾಟ್ಟಾಡಿಮಲೆಯಲ್ಲಿ ಸೈನಿಕರು ಗುಂಡಿಕ್ಕಿ ಅವರನ್ನು ಕೊಂದರು. ಕಾಡಿನಲ್ಲಿ ಎಸೆದಿದ್ದ ಅವಶೇಷಗಳನ್ನು ಭಕ್ತರು ಆಯ್ದು ತಂದು ಕೋಟ್ಟಾರಿನ ಸಂತ ಫ್ರಾನ್ಸಿಸ್ ಝೇವಿಯರ್ ದೇವಾಲಯದಲ್ಲಿ ಸಮಾಧಿ ಮಾಡಿದರು.

ಇಲ್ಲಿ ನಾವು ಮರೆಮಾಚಲಾಗದ ಕಹಿಸತ್ಯವೊಂದಿದೆ. ಅವರು ಜ್ಞಾನಸ್ನಾನ ಪಡೆದ ಅದೇ ವಡಕ್ಕನ್‌ಕುಳಂನಲ್ಲಿ ಮುಂದೆ, 1872ರಲ್ಲಿ, ಎದ್ದ ದೇವಾಲಯದೊಳಗೆ ಜಾತಿಗಳನ್ನು ಬೇರ್ಪಡಿಸುವ ಗೋಡೆಯಿತ್ತು. ಬಲಿಪೀಠ ಒಂದೇ, ಭಕ್ತರು ಮಾತ್ರ ಎರಡು ಪಾಲು. 1910ರಲ್ಲಿ ಆ ಗೋಡೆಯನ್ನು ಕೆಡವಲಾಯಿತು.

2012ರ ಡಿಸೆಂಬರ್ 2ರಂದು ದೇವಸಹಾಯಂ ಅವರನ್ನು ಪುನೀತರೆಂದು ಘೋಷಿಸಲಾಯಿತು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರನ್ನು ಸಂತರ ಸಾಲಿಗೆ ಸೇರಿಸಿದರು. ಅದಕ್ಕೆ ಮುನ್ನ ಪಿಳ್ಳೈ ಎಂಬ ಜಾತಿಸೂಚಕ ಪದವನ್ನು ವ್ಯಾಟಿಕನ್ ಅವರ ಹೆಸರಿನಿಂದ ಕೈಬಿಟ್ಟಿತು. ಬದುಕಿದ್ದಾಗಲೇ ಅವರು ತೊರೆದಿದ್ದ ಗುರುತು ಹೀಗೆ ದಾಖಲೆಯಿಂದಲೂ ಅಳಿಯಿತು.

ಕಲ್ಲಿನ ಗೋಡೆ ಬಿದ್ದಿದೆ. ಮನದ ಗೋಡೆ? ಒಂದೇ ಪರಮಪ್ರಸಾದವನ್ನು ಸ್ವೀಕರಿಸಿ ಹೊರಬರುವ ನಾವು ಮಕ್ಕಳಿಗೆ ಸಂಬಂಧ ಅರಸುವಾಗ, ಪಂಕ್ತಿಯಲ್ಲಿ ಊಟಕ್ಕೆ ಕೂರುವಾಗ, ನೆರೆಯವರ ದುಃಖಕ್ಕೆ ಒದಗುವಾಗ ಮೊದಲು ಕೇಳುವುದು ಏನನ್ನು? ಜ್ಞಾನಸ್ನಾನ ನೀಡಿದ ಗುರುತೇ ನಮ್ಮ ಮೊದಲ ಗುರುತಾಗಲಿ. ಅದಕ್ಕೆ ಬೇಕಾದ ಧೈರ್ಯವನ್ನು ಸಂತ ದೇವಸಹಾಯಂ ಅವರ ಬಿನ್ನಹದ ಮೂಲಕ ಪ್ರಭುವಿನಲ್ಲಿ ಬೇಡೋಣ.