ಪ್ಲಾಸ್ಟಿಕ್ ಓದಿದರು, ಹನೇಹಳ್ಳಿ ಬರೆದರು

ನಮ್ಮ ಸಂಘದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದಿಂದ ಬಂದವರು ಒಂದಷ್ಟು ಜನ ಇದ್ದೇವೆ. ರಜೆ ಮುಗಿಸಿ ಬರುವಾಗ ಬ್ಯಾಗಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಜೊತೆ ಅರ್ಧ ಬರೆದ ಕತೆಯನ್ನೂ ತರುವವರು. ಇಂಟರ್ನಲ್ಸ್ ಶುರುವಾದರೆ ಉಪ್ಪಿನಕಾಯಿ ಖಾಲಿಯಾಗುತ್ತೆ, ಕತೆ ಮಾತ್ರ ಅಲ್ಲೇ ಇರುತ್ತೆ. ಇಂಜಿನಿಯರಿಂಗ್ ಓದ್ತಾ ಕತೆ ಬರೆಯೋದು ಆಗೋ ಮಾತಾ, ಅದನ್ನ ಕಲಿಸೋರಾದ್ರೂ ಯಾರು ಅಂತ ಹಾಸ್ಟೆಲಿನಲ್ಲಿ ಎಷ್ಟೋ ಸಲ ಚರ್ಚೆ ಮಾಡಿದ್ದೇವೆ. ಉತ್ತರ ನಮ್ಮ ಜಿಲ್ಲೆಯಲ್ಲೇ ಇತ್ತು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಗೋಕರ್ಣದ ಕಡೆ ಹೋದರೆ ಹನೇಹಳ್ಳಿ. ಅದು ಯಶವಂತ ಚಿತ್ತಾಲರ ಊರು.

ಚಿತ್ತಾಲರು ಹುಟ್ಟಿದ್ದು 1928ರ ಆಗಸ್ಟ್ 3ರಂದು. ಮನೆಮಾತು ಕೊಂಕಣಿ. ಅಣ್ಣ ಗಂಗಾಧರ ಚಿತ್ತಾಲ ದೊಡ್ಡ ಕವಿ. ಹಾಗಾಗಿ ಪುಸ್ತಕದ ಗಾಳಿ ಮನೆಯಲ್ಲೇ ಇತ್ತು. ಆದರೆ ತಮ್ಮ ಹಿಡಿದದ್ದು ವಿಜ್ಞಾನದ ದಾರಿ. ಕುಮಟಾ, ಧಾರವಾಡ ದಾಟಿ ಮುಂಬೈ ಸೇರಿದ ಅವರು 1955ರಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದಲ್ಲಿ ಪದವಿ ಪಡೆದರು. ಹೆಚ್ಚಿನ ಓದಿಗೆ ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಗೆ ಹೋದರು. ಆಮೇಲೆ ಬೇಕಲೈಟ್ ಹೈಲಂ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಮೇಲಿನ ಹುದ್ದೆಗೇರಿದರು. ಇಷ್ಟನ್ನೇ ಬರೆದರೆ ಒಬ್ಬ ಒಳ್ಳೆಯ ಇಂಜಿನಿಯರನ ರೆಸ್ಯೂಮೆ ಆಯ್ತು.

ಇದರ ಪಕ್ಕದಲ್ಲೇ ಇನ್ನೊಂದು ಸಾಲು ಇಟ್ಟು ನೋಡಿ. ಪದವಿ ಬಂದ ಎರಡೇ ವರ್ಷಕ್ಕೆ, 1957ರಲ್ಲಿ, ಮೊದಲ ಕಥಾಸಂಕಲನ 'ಸಂದರ್ಶನ' ಬಂತು. ಅಂದರೆ ಪಾಲಿಮರ್ ಕಲಿಯುತ್ತಿದ್ದ ಕಾಲದಲ್ಲೇ ಕತೆ ಕಟ್ಟುವುದನ್ನೂ ಕಲಿಯುತ್ತಿದ್ದರು. ಎರಡನೆಯದಕ್ಕೆ ಸಿಲೆಬಸ್ ಇರಲಿಲ್ಲ, ಗೈಡ್ ಇರಲಿಲ್ಲ, ಮಾರ್ಕ್ಸೂ ಇರಲಿಲ್ಲ.

ಹಾಗಾದರೆ ಕಲಿತದ್ದು ಹೇಗೆ? ಅವರ ಪುಸ್ತಕಗಳನ್ನು ಸಾಲಾಗಿ ನೋಡಿದಾಗ ನಮಗೆ ಕಂಡದ್ದು ಇಷ್ಟು. ಅವರು ಒಂದು ಊರನ್ನು ಬಿಡಲಿಲ್ಲ. ವಾಸ ಮುಂಬೈಯ ಬಾಂದ್ರಾದಲ್ಲಿ, ಆಫೀಸಿನ ಕೆಲಸ ಇಂಗ್ಲಿಷಿನಲ್ಲಿ, ಆದರೂ ಕತೆ ಮತ್ತೆ ಮತ್ತೆ ಹನೇಹಳ್ಳಿಗೇ ಹೋಗುತ್ತೆ. ಲ್ಯಾಬಿನಲ್ಲಿ ಒಂದೇ ಪ್ರಯೋಗವನ್ನು ಬೇರೆ ಬೇರೆ ಕಂಡಿಶನ್ನಲ್ಲಿ ಮಾಡಿ ನೋಡ್ತೀವಲ್ಲ, ಹಾಗೇ ಒಂದೇ ಊರಿನ ಜನರನ್ನು ಕತೆಯಿಂದ ಕತೆಗೆ ಹೊಸದಾಗಿ ನೋಡಿದರು. ಗೊತ್ತಿದ್ದನ್ನು ಹೇಳೋಕೆ ಬರೆಯೋದಲ್ಲ, ಗೊತ್ತಿಲ್ಲದ್ದನ್ನು ಹುಡುಕೋಕೆ ಬರೆಯೋದು ಅನ್ನುವುದು ಅವರ ನಂಬಿಕೆಯಾಗಿತ್ತು.

ಅವಸರವನ್ನೂ ಮಾಡಲಿಲ್ಲ. ಮೊದಲ ಕಾದಂಬರಿ 'ಮೂರು ದಾರಿಗಳು' 1964ರಲ್ಲಿ ಬಂತು. ಎರಡನೆಯದು 'ಶಿಕಾರಿ' ಬಂದದ್ದು 1979ರಲ್ಲಿ. ನಡುವೆ 15 ವರ್ಷ! ಆಗ ಅವರಿಗೆ ಐವತ್ತು ದಾಟಿತ್ತು. ಈ 'ಶಿಕಾರಿ'ಯನ್ನು ನಾವು ಓದಲೇಬೇಕು. ಮುಂಬೈಯ ಕಂಪನಿಯೊಂದರ ಅಧಿಕಾರಿ ನಾಗಪ್ಪ ಇದ್ದಕ್ಕಿದ್ದಂತೆ ಸಸ್ಪೆಂಡ್ ಆಗ್ತಾನೆ. ಯಾಕೆ, ಯಾರ ಸಂಚು ಅಂತ ಒಂದೊಂದೇ ಎಳೆ ಹಿಡಿದು ಹುಡುಕುತ್ತಾ ಹೋಗ್ತಾನೆ. ಕಾರ್ಪೊರೇಟ್ ಲೋಕದ ಒಳಗಿನ ಭಯವನ್ನು ಇಷ್ಟು ಹತ್ತಿರದಿಂದ ತೋರಿಸುವುದು ಒಳಗೇ ಇದ್ದವರಿಗೆ ಸಾಧ್ಯ. ಅವರ ನೌಕರಿ ಬರವಣಿಗೆಗೆ ಅಡ್ಡ ಬಂದಿರಬಹುದು. ಆದರೆ ಈ ಕಾದಂಬರಿಗೆ ಸಾಮಗ್ರಿ ಒದಗಿಸಿದ್ದೂ ಅದೇ ನೌಕರಿಯ ಲೋಕ.

1983ರಲ್ಲಿ 'ಕತೆಯಾದಳು ಹುಡುಗಿ' ಸಂಕಲನಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಮೇಲೂ ಬರೆದರು: 1985ರಲ್ಲಿ 'ಛೇದ', 1990ರಲ್ಲಿ 'ಪುರುಷೋತ್ತಮ'. 2014ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ತೀರಿಕೊಂಡರು. ನಾವಾಗ ಪ್ರೈಮರಿ ಶಾಲೆಯಲ್ಲಿದ್ದೆವು, ಹೆಸರೂ ಕೇಳಿರಲಿಲ್ಲ.

ಚಿತ್ತಾಲರ ಜೀವನ ನೋಡಿ ಇಬ್ಬರೂ ಆಗೋದು ಸುಲಭ ಅಂತ ನಾವು ಹೇಳಲ್ಲ. ಅವರು ಕೊಟ್ಟಷ್ಟು ವರ್ಷ ಕೊಡೋಕೆ ನಮ್ಮಲ್ಲಿ ಎಷ್ಟು ಜನ ತಯಾರಿದ್ದೇವೆ ಅನ್ನೋದೇ ಪ್ರಶ್ನೆ. ಆದರೆ ಕಲಿಸೋರಿಲ್ಲ ಅನ್ನೋ ನೆಪವನ್ನು ಇನ್ನು ಹೇಳುವಂತಿಲ್ಲ. ಲೈಬ್ರರಿಯಲ್ಲಿ ಚಿತ್ತಾಲರ ಪುಸ್ತಕ ಸಿಕ್ಕರೆ ಮೊದಲು ಸಣ್ಣಕತೆ ಓದಿ, ಆಮೇಲೆ 'ಶಿಕಾರಿ'. ನಾವಂತೂ ಈ ಸಲ ಅರ್ಧಕ್ಕೆ ನಿಂತ ಕತೆಗಳನ್ನು ಹೊರಗೆ ತೆಗೆದಿದ್ದೇವೆ. ನಿಮ್ಮ ಹತ್ತಿರವೂ ಒಂದಿದ್ದರೆ ತನ್ನಿ, ಕೂತು ಓದೋಣ.