ಮೀಸೆಯುಳ್ಳ ತಾಯಿ ಗಿಜುಭಾಯಿ ಬಧೇಕಾ

ಸೌರಾಷ್ಟ್ರದಲ್ಲಿ 1885ರಲ್ಲಿ ಜನಿಸಿದ ಗಿಜುಭಾಯಿಯವರು ಮೊದಲು ವಕೀಲರಾಗಿದ್ದರು. ಮಗನಿಗೆ ಎಂತಹ ಶಿಕ್ಷಣ ಕೊಡಿಸಬೇಕೆಂಬ ಚಿಂತೆಯೇ ಅವರನ್ನು ಮಾಂಟೆಸ್ಸೊರಿ ಪದ್ಧತಿಯ ವ್ಯಾಸಂಗದಲ್ಲಿ ತೊಡಗಿಸಿತು. 1916ರಲ್ಲಿ ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿ, 1920ರಲ್ಲಿ ಬಾಲಮಂದಿರವನ್ನು ಆರಂಭಿಸಿದರು. ನ್ಯಾಯಾಲಯವನ್ನು ತೊರೆದವರು ಶಿಶುಗಳ ವಕಾಲತ್ತನ್ನು ವಹಿಸಿದರೆಂದರೆ ತಪ್ಪಾಗದು. ಅಲ್ಲಿ ಬೆತ್ತಕ್ಕೆ ಸ್ಥಾನವಿರಲಿಲ್ಲ. ಕಥೆ, ಹಾಡು, ಆಟ, ನಾಟಕಗಳೇ ಪಾಠದ ಹೆಬ್ಬಾಗಿಲುಗಳಾದವು. ಜನರು ಅವರನ್ನು ಮೀಸೆಯುಳ್ಳ ತಾಯಿಯೆಂದೇ ಕರೆದರು.

ಆದರೆ ಶಾಲೆಯೊಂದೇ ಮಗುವಿನ ಲೋಕವಲ್ಲವಷ್ಟೆ! ಅವರ ‘ದಿವಾಸ್ವಪ್ನ’ದ ಉಪಾಧ್ಯಾಯನು ನಾಲ್ಕನೆಯ ವರ್ಗದ ಗದ್ದಲವನ್ನು ಕಥೆಯಿಂದ ಅಡಗಿಸಬಲ್ಲನು; ಪಾಲಕರ ಸಭೆಯನ್ನು ಕರೆದಾಗಲಾದರೋ ಬಂದವರು ಬೆರಳೆಣಿಕೆಯಷ್ಟೇ. ಈ ಕೊರತೆಯ ಮರ್ಮವನ್ನರಿತಿದ್ದ ಗಿಜುಭಾಯಿಯವರು ತಂದೆತಾಯಿಗಳಿಗಾಗಿಯೇ ಪ್ರತ್ಯೇಕ ಪುಸ್ತಕಗಳನ್ನು ರಚಿಸಿದರು. ಮಗುವನ್ನು ಗದರಿಸದೆ, ಅದರ ಪ್ರಶ್ನೆಗೆ ಕಿವಿಗೊಡುವ ಬಗೆಯನ್ನು ತಿಳಿಸಿದರು. 1939ರಲ್ಲಿ, 54 ತುಂಬುವ ಮುನ್ನವೇ, ಅವರು ಕೀರ್ತಿಶೇಷರಾದರು.