ವ್ಯಾಲೇಸ್ ವೇಡ್

ವಿಲಿಯಂ ವ್ಯಾಲೇಸ್ ವೇಡ್ (ಜೂನ್ 15, 1892 – ಅಕ್ಟೋಬರ್ 1986) ಅಮೆರಿಕ ಸಂಯುಕ್ತ ಸಂಸ್ಥಾನದ ಪ್ರಸಿದ್ಧ ಕಾಲೇಜು ಫುಟ್‌ಬಾಲ್ ತರಬೇತುದಾರರು. ಅಲಬಾಮಾ ವಿಶ್ವವಿದ್ಯಾಲಯ (1923–1930) ಹಾಗೂ ಡ್ಯೂಕ್ ವಿಶ್ವವಿದ್ಯಾಲಯದ (1931–1941, 1946–1950) ತಂಡಗಳಿಗೆ ಅವರು ಮುಖ್ಯ ತರಬೇತುದಾರರಾಗಿದ್ದರು. ಅವರ ತಂಡಗಳು ಒಟ್ಟು 171 ಪಂದ್ಯಗಳಲ್ಲಿ ಗೆದ್ದು, 49ರಲ್ಲಿ ಸೋತು, 10 ಪಂದ್ಯಗಳನ್ನು ಸಮ ಮಾಡಿಕೊಂಡವು. ಅಲಬಾಮಾ ತಂಡದ ಬೌಲ್ ಪಂದ್ಯಗಳ ದೀರ್ಘ ಇತಿಹಾಸ ಆರಂಭವಾದದ್ದು ವೇಡ್ ಅವರ ಕಾಲದಲ್ಲಿ. ಅವರು ಆಟಗಾರರಾಗಿ ಒಂದು ಬಾರಿ, ತರಬೇತುದಾರರಾಗಿ ಐದು ಬಾರಿ ರೋಸ್ ಬೌಲ್ ಪಂದ್ಯದಲ್ಲಿ ಭಾಗವಹಿಸಿದ್ದರು.

ಬೌಲ್ ಪಂದ್ಯದ ಹಿನ್ನೆಲೆ

ಇಲ್ಲಿ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕನ್ ಫುಟ್‌ಬಾಲ್. ಭಾರತದಲ್ಲಿ ಫುಟ್‌ಬಾಲ್ ಎನ್ನಲಾಗುವ ಕಾಲ್ಚೆಂಡಾಟವೇ ಬೇರೆ. ಚೆಂಡನ್ನು ಎದುರಾಳಿಯ ಗೆರೆಯಾಚೆ ಒಯ್ದರೆ ಅದು ಟಚ್‌ಡೌನ್. ಅದಕ್ಕೆ 6 ಅಂಕ. ಆ ಬಳಿಕ ಚೆಂಡನ್ನು ಕಂಬಗಳ ನಡುವೆ ಒದ್ದು ಇನ್ನೊಂದು ಅಂಕ ಗಳಿಸಬಹುದು.

ಅಮೆರಿಕದ ಕಾಲೇಜುಗಳ ಫುಟ್‌ಬಾಲ್ ಋತು ಶರತ್ಕಾಲದಲ್ಲಿ ನಡೆಯುತ್ತದೆ. ಋತು ಮುಗಿದ ಮೇಲೆ ಆಹ್ವಾನಿತ ತಂಡಗಳ ನಡುವೆ ನಡೆಯುವ ವಿಶೇಷ ಪಂದ್ಯವೇ ಬೌಲ್ ಪಂದ್ಯ. ಇವುಗಳಲ್ಲಿ ಅತ್ಯಂತ ಹಳೆಯದು ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರದ ರೋಸ್ ಬೌಲ್. ಅಲ್ಲಿ ಹೊಸವರ್ಷದ ಗುಲಾಬಿ ಉತ್ಸವದ ಅಂಗವಾಗಿ 1902ರಲ್ಲಿ ಮೊದಲ ಪಂದ್ಯ ನಡೆಯಿತು. ಮಿಷಿಗನ್ ತಂಡವು ಸ್ಟ್ಯಾನ್‌ಫರ್ಡ್ ತಂಡವನ್ನು 49–0 ಅಂತರದಿಂದ ಸೋಲಿಸಿದ ಆ ಏಕಪಕ್ಷೀಯ ಆಟದ ಬಳಿಕ, ಫುಟ್‌ಬಾಲ್ ಬದಲು ರಥಗಳ ಓಟದಂತಹ ಸ್ಪರ್ಧೆಗಳನ್ನು ಏರ್ಪಡಿಸಲಾಯಿತು. ಫುಟ್‌ಬಾಲ್ ಮರಳಿ ಬಂದದ್ದು 1916ರಲ್ಲಿ. ಆರೆಂಜ್ ಬೌಲ್ ಮತ್ತು ಶುಗರ್ ಬೌಲ್ 1935ರಲ್ಲಿ, ಕಾಟನ್ ಬೌಲ್ 1937ರಲ್ಲಿ ಆರಂಭವಾದವು. ಹೀಗಾಗಿ ವೇಡ್ ಅವರ ವೃತ್ತಿಜೀವನದ ಪೂರ್ವಾರ್ಧದಲ್ಲಿ ದೊಡ್ಡ ಬೌಲ್ ಪಂದ್ಯವೆಂದರೆ ರೋಸ್ ಬೌಲ್ ಒಂದೇ ಆಗಿತ್ತು.

ಆರಂಭಿಕ ಜೀವನ

ವೇಡ್ ಟೆನೆಸ್ಸೀ ರಾಜ್ಯದ ಟ್ರೆಂಟನ್‌ನಲ್ಲಿ ಜನಿಸಿದರು. ಷಿಕಾಗೋದ ಮಾರ್ಗನ್ ಪಾರ್ಕ್ ಅಕಾಡೆಮಿಯಲ್ಲಿ ಓದಿ, ಬಳಿಕ ರೋಡ್ ಐಲೆಂಡ್ ರಾಜ್ಯದ ಬ್ರೌನ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿನ ತಂಡದಲ್ಲಿ ಅವರು ಮುಂಚೂಣಿ ಸಾಲಿನ ಗಾರ್ಡ್ ಸ್ಥಾನದಲ್ಲಿ ಆಡುತ್ತಿದ್ದರು.

1916ರ ಜನವರಿ 1ರಂದು ಬ್ರೌನ್ ತಂಡ ಪ್ಯಾಸಡೀನಾದಲ್ಲಿ ವಾಷಿಂಗ್ಟನ್ ಸ್ಟೇಟ್ ತಂಡವನ್ನು ಎದುರಿಸಿತು. ಮಳೆಯಲ್ಲಿ, ಕೆಸರಿನ ಮೈದಾನದಲ್ಲಿ ನಡೆದ ಆ ಪಂದ್ಯದಲ್ಲಿ ಬ್ರೌನ್ 14–0 ಅಂತರದಿಂದ ಸೋತಿತು. ವೇಡ್ ಅವರ ಸಹ ಆಟಗಾರರಾಗಿದ್ದ ಫ್ರಿಟ್ಜ್ ಪೊಲಾರ್ಡ್, ರೋಸ್ ಬೌಲ್‌ನಲ್ಲಿ ಆಡಿದ ಮೊದಲ ಆಫ್ರಿಕನ್ ಅಮೆರಿಕನ್ ಆಟಗಾರರು.

ಪದವಿಯ ನಂತರ ವೇಡ್ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೇನೆ ಸೇರಿ ಅಶ್ವದಳದಲ್ಲಿ ಕ್ಯಾಪ್ಟನ್ ಆದರು. ಯುದ್ಧ ಮುಗಿದ ಮೇಲೆ ಟೆನೆಸ್ಸೀಯ ಟಲ್ಲಹೋಮದ ಶಾಲೆಯೊಂದರಲ್ಲಿ ತರಬೇತುದಾರರಾದರು. 1921 ಮತ್ತು 1922ರಲ್ಲಿ ವ್ಯಾಂಡರ್ಬಿಲ್ಟ್ ವಿಶ್ವವಿದ್ಯಾಲಯದ ತಂಡಕ್ಕೆ ಡ್ಯಾನ್ ಮೆಕ್‌ಗುಗಿನ್ ಅವರ ಸಹಾಯಕರಾಗಿದ್ದರು. ಆ ಎರಡು ವರ್ಷಗಳಲ್ಲಿ ವ್ಯಾಂಡರ್ಬಿಲ್ಟ್ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ.

ಅಲಬಾಮಾದಲ್ಲಿ

1923ರಲ್ಲಿ ವೇಡ್ ಅಲಬಾಮಾ ತಂಡದ ಮುಖ್ಯ ತರಬೇತುದಾರರಾಗಿ ನೇಮಕಗೊಂಡರು. ಅವರು ಮಿತಭಾಷಿ, ಶಿಸ್ತಿನ ವಿಷಯದಲ್ಲಿ ಕಠೋರರು. ರಕ್ಷಣೆ ಮತ್ತು ಚೆಂಡನ್ನು ದೂರ ಒದೆಯುವ ಕೌಶಲಗಳೇ ಅವರ ಆಟದ ಆಧಾರವಾಗಿದ್ದವು. 1924ರಲ್ಲಿ ತಂಡ ಸದರ್ನ್ ಕಾನ್ಫರೆನ್ಸ್ ಪ್ರಶಸ್ತಿ ಗೆದ್ದಿತು. 1925ರ ಋತುವಿನಲ್ಲಿ ಎಲ್ಲ ಪಂದ್ಯಗಳನ್ನೂ ಗೆದ್ದಿತು.

ಆ ದಿನಗಳಲ್ಲಿ ದಕ್ಷಿಣದ ರಾಜ್ಯಗಳ ಫುಟ್‌ಬಾಲ್ ತಂಡಗಳಿಗೆ ದೇಶದಲ್ಲಿ ಹೆಚ್ಚಿನ ಮನ್ನಣೆ ಇರಲಿಲ್ಲ. ಅಂತರ್ಯುದ್ಧದಲ್ಲಿ ಸೋತು, ಬಡತನದಲ್ಲಿ ಹಿಂದುಳಿದಿದ್ದ ಪ್ರದೇಶವೆಂಬ ತಾತ್ಸಾರ ಕ್ರೀಡೆಯಲ್ಲಿಯೂ ಇತ್ತು. ದಕ್ಷಿಣದ ಯಾವ ತಂಡವೂ ಅದುವರೆಗೆ ರೋಸ್ ಬೌಲ್‌ನಲ್ಲಿ ಆಡಿರಲಿಲ್ಲ. ಬೇರೆ ತಂಡಗಳು ಒಪ್ಪದೇ ಹೋದ ಮೇಲಷ್ಟೇ ಅಲಬಾಮಾಕ್ಕೆ ಕರೆ ಬಂದಿತು. ಹೀಗಾಗಿ ಆ ಪಂದ್ಯವನ್ನು ದಕ್ಷಿಣದ ಜನರು ತಮ್ಮೆಲ್ಲರ ಮಾನದ ಪ್ರಶ್ನೆಯೆಂದೇ ಭಾವಿಸಿದರು.

1926ರ ರೋಸ್ ಬೌಲ್

1926ರ ಜನವರಿ 1ರಂದು ಅಲಬಾಮಾ ಎದುರಿಸಿದ್ದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಬಲಿಷ್ಠ ತಂಡವನ್ನು. ಆ ತಂಡದ ಮುಖ್ಯ ಆಟಗಾರ ಜಾರ್ಜ್ ವಿಲ್ಸನ್. ಅರ್ಧ ಆಟ ಮುಗಿಯುವ ವೇಳೆಗೆ ವಾಷಿಂಗ್ಟನ್ 12–0 ಮುನ್ನಡೆ ಸಾಧಿಸಿತ್ತು. ಆದರೆ ಎರಡು ಟಚ್‌ಡೌನ್‌ಗಳ ನಂತರ ಸಿಗಬೇಕಿದ್ದ ತಲಾ ಒಂದು ಹೆಚ್ಚುವರಿ ಅಂಕವನ್ನು ಕಳೆದುಕೊಂಡಿತ್ತು.

ಗಾಯಗೊಂಡ ವಿಲ್ಸನ್ ಮೈದಾನದಿಂದ ಹೊರಗಿದ್ದ ಮೂರನೆಯ ಅವಧಿಯಲ್ಲಿ ಆಟ ತಿರುಗಿತು. ಪೂಲೀ ಹ್ಯೂಬರ್ಟ್ ಮೊದಲ ಟಚ್‌ಡೌನ್ ಗಳಿಸಿದರು. ಬಳಿಕ ಜಾನಿ ಮ್ಯಾಕ್ ಬ್ರೌನ್ ದೂರದ ಎರಡು ಎಸೆತಗಳನ್ನು ಹಿಡಿದು ಇನ್ನೆರಡು ಟಚ್‌ಡೌನ್ ಮಾಡಿದರು. ಒಂದೇ ಅವಧಿಯಲ್ಲಿ ಅಲಬಾಮಾ 20 ಅಂಕ ಗಳಿಸಿತು. ಕೊನೆಯ ಅವಧಿಯಲ್ಲಿ ವಿಲ್ಸನ್ ಮರಳಿದಾಗ ವಾಷಿಂಗ್ಟನ್ ಮತ್ತೊಂದು ಟಚ್‌ಡೌನ್ ಗಳಿಸಿತಾದರೂ ಅಲಬಾಮಾ 20–19 ಅಂತರದಿಂದ ಗೆದ್ದಿತು.

ರೈಲಿನಲ್ಲಿ ಹಿಂದಿರುಗಿದ ತಂಡವನ್ನು ದಕ್ಷಿಣದ ನಿಲ್ದಾಣಗಳಲ್ಲಿ ಜನ ಗುಂಪುಗೂಡಿ ಸ್ವಾಗತಿಸಿದರು. ಅದೇ ವರ್ಷ ರಚನೆಯಾದ ಅಲಬಾಮಾ ವಿಶ್ವವಿದ್ಯಾಲಯದ ಕ್ರೀಡಾಗೀತೆಯಲ್ಲಿ ರೋಸ್ ಬೌಲ್‌ನ ನೆನಪು ಸೇರಿತು. ಆ ಗೀತೆಯನ್ನು ಇಂದಿಗೂ ಹಾಡುತ್ತಾರೆ. ಜಾನಿ ಮ್ಯಾಕ್ ಬ್ರೌನ್ ಮುಂದೆ ಹಾಲಿವುಡ್ ಸೇರಿ ಕೌಬಾಯ್ ಚಿತ್ರಗಳ ಜನಪ್ರಿಯ ನಟರಾದರು.

1927 ಮತ್ತು 1931ರ ಪಂದ್ಯಗಳು

ಮರುವರ್ಷವೂ ಅಲಬಾಮಾ ಪ್ಯಾಸಡೀನಾಕ್ಕೆ ಹೋಯಿತು. ಈ ಬಾರಿ ಎದುರಾಳಿ ಸ್ಟ್ಯಾನ್‌ಫರ್ಡ್. ಅದರ ತರಬೇತುದಾರರು ಪ್ರಖ್ಯಾತ ಪಾಪ್ ವಾರ್ನರ್. ಆಟ ಮುಗಿಯುತ್ತಿದ್ದಾಗ ಸ್ಟ್ಯಾನ್‌ಫರ್ಡ್ ಒದ್ದ ಚೆಂಡನ್ನು ಅಲಬಾಮಾ ಆಟಗಾರರು ತಡೆದು, ಟಚ್‌ಡೌನ್ ಗಳಿಸಿ ಪಂದ್ಯವನ್ನು 7–7ರಲ್ಲಿ ಸಮ ಮಾಡಿದರು. ರೋಸ್ ಬೌಲ್ ಇತಿಹಾಸದಲ್ಲಿ ಸಮವಾಗಿ ಮುಗಿದ ಕೊನೆಯ ಪಂದ್ಯ ಇದು. ಈ ಪಂದ್ಯದ ವೀಕ್ಷಕ ವಿವರಣೆ ರೇಡಿಯೊ ಜಾಲದ ಮೂಲಕ ದೇಶದ ಒಂದು ಕರಾವಳಿಯಿಂದ ಇನ್ನೊಂದಕ್ಕೆ ಪ್ರಸಾರವಾಯಿತು.

ನಂತರದ ಮೂರು ಋತುಗಳು ಸಾಧಾರಣವಾಗಿದ್ದವು, ಟೀಕೆಗಳು ಕೇಳಿಬಂದವು. 1930ರಲ್ಲಿ ವೇಡ್ ತಾವು ಆ ಋತುವಿನ ಬಳಿಕ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೋಗುವುದಾಗಿ ಮೊದಲೇ ಪ್ರಕಟಿಸಿದರು. ಹೊರಡಲು ಸಿದ್ಧರಾಗಿದ್ದ ತರಬೇತುದಾರರ ಆ ತಂಡ ಋತುವಿನ ಎಲ್ಲ ಪಂದ್ಯಗಳನ್ನೂ ಗೆದ್ದು, 1931ರ ಜನವರಿ 1ರಂದು ವಾಷಿಂಗ್ಟನ್ ಸ್ಟೇಟ್ ತಂಡವನ್ನು 24–0 ಅಂತರದಿಂದ ಸೋಲಿಸಿತು. ಹದಿನೈದು ವರ್ಷಗಳ ಹಿಂದೆ ಆಟಗಾರ ವೇಡ್ ಅವರನ್ನು ಸೋಲಿಸಿದ್ದುದು ಇದೇ ವಿಶ್ವವಿದ್ಯಾಲಯದ ತಂಡ. 1925, 1926 ಮತ್ತು 1930ರ ಋತುಗಳನ್ನು ಅಲಬಾಮಾ ವಿಶ್ವವಿದ್ಯಾಲಯವು ತನ್ನ ರಾಷ್ಟ್ರೀಯ ಪ್ರಶಸ್ತಿಗಳ ಲೆಕ್ಕದಲ್ಲಿ ಸೇರಿಸಿಕೊಂಡಿದೆ.

ಡ್ಯೂಕ್‌ನಲ್ಲಿ

ಉತ್ತರ ಕ್ಯಾರೊಲೈನಾ ರಾಜ್ಯದ ಡರ್ಹಮ್‌ನಲ್ಲಿರುವ ಡ್ಯೂಕ್ ಅಂದು ಫುಟ್‌ಬಾಲ್‌ನಲ್ಲಿ ಹೆಸರಿಲ್ಲದ ಸಂಸ್ಥೆ. ವೇಡ್ ಅದನ್ನು ದಶಕದೊಳಗೆ ದೇಶದ ಅಗ್ರ ತಂಡಗಳ ಸಾಲಿಗೆ ತಂದರು. 1938ರ ತಂಡ ಐರನ್ ಡ್ಯೂಕ್ಸ್, ಅಂದರೆ ಉಕ್ಕಿನ ಡ್ಯೂಕರು, ಎಂದು ಹೆಸರಾಯಿತು. ಆ ಋತುವಿನ ಯಾವ ಪಂದ್ಯದಲ್ಲಿಯೂ ಎದುರಾಳಿಗಳು ಡ್ಯೂಕ್ ವಿರುದ್ಧ ಒಂದು ಅಂಕವನ್ನೂ ಗಳಿಸಲಾಗಲಿಲ್ಲ.

ಅದೇ ಋತುವಿನಲ್ಲಿ ಸಿರಾಕ್ಯೂಸ್ ವಿಶ್ವವಿದ್ಯಾಲಯದ ವಿರುದ್ಧ ನಡೆದ ಪಂದ್ಯಕ್ಕೆ ಬೇರೆಯೇ ಮಹತ್ವವಿದೆ. ಸಿರಾಕ್ಯೂಸ್‌ನ ತಾರಾ ಆಟಗಾರ ವಿಲ್ಮೆತ್ ಸಿದಾತ್-ಸಿಂಗ್ ಆಫ್ರಿಕನ್ ಅಮೆರಿಕನ್; ಅವರ ಹೆಸರಿನ ಉತ್ತರಭಾಗ ಭಾರತೀಯ ಮೂಲದ ವೈದ್ಯರಾಗಿದ್ದ ಮಲತಂದೆಯಿಂದ ಬಂದದ್ದು. ಹಿಂದಿನ ವರ್ಷ ಮೇರಿಲ್ಯಾಂಡ್ ತಂಡದ ಆಕ್ಷೇಪದಿಂದ ಅವರನ್ನು ಒಂದು ಪಂದ್ಯದಿಂದ ಹೊರಗಿಡಲಾಗಿತ್ತು. ಪೊಲಾರ್ಡ್ ಅವರೊಡನೆ ಆಡಿದ್ದ ವೇಡ್ ಅಂತಹ ಆಕ್ಷೇಪ ಎತ್ತಲಿಲ್ಲ. ಸಿದಾತ್-ಸಿಂಗ್ ಆಡಿದರು; ಡ್ಯೂಕ್ 21–0 ಅಂತರದಿಂದ ಗೆದ್ದಿತು. ಆದರೆ ವೇಡ್ ತರಬೇತಿ ನೀಡಿದ ಅಲಬಾಮಾ ಮತ್ತು ಡ್ಯೂಕ್ ತಂಡಗಳಲ್ಲಿ ಬಿಳಿಯರಷ್ಟೇ ಇದ್ದರು ಎಂಬುದೂ ಆ ಕಾಲದ ವಾಸ್ತವ.

1939ರ ಜನವರಿ 2ರಂದು ರೋಸ್ ಬೌಲ್‌ನಲ್ಲಿ ಡ್ಯೂಕ್, ಸದರ್ನ್ ಕ್ಯಾಲಿಫೋರ್ನಿಯಾ ತಂಡದ ವಿರುದ್ಧ 3–0 ಮುನ್ನಡೆ ಹೊಂದಿತ್ತು. ಆಟ ಮುಗಿಯಲು ಒಂದು ನಿಮಿಷಕ್ಕಿಂತ ಕಡಿಮೆ ಇದ್ದಾಗ, ಎದುರಾಳಿಗಳ ಮೀಸಲು ಆಟಗಾರ ಡೋಯ್ಲ್ ನೇವ್ ಎಸೆದ ಚೆಂಡನ್ನು ಆಲ್ ಕ್ರೂಗರ್ ಹಿಡಿದು ಟಚ್‌ಡೌನ್ ಗಳಿಸಿದರು. ಇಡೀ ಋತುವಿನಲ್ಲಿ ಒಂದು ಅಂಕವನ್ನೂ ಬಿಟ್ಟುಕೊಡದಿದ್ದ ತಂಡ 7–3ರಲ್ಲಿ ಸೋತಿತು.

ಡರ್ಹಮ್‌ನ ರೋಸ್ ಬೌಲ್

1941ರಲ್ಲಿ ಡ್ಯೂಕ್ ಮತ್ತೆ ಅಜೇಯವಾಗಿ ಋತು ಮುಗಿಸಿತು. ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿದ ಬಳಿಕ, ಪಶ್ಚಿಮ ಕರಾವಳಿಯಲ್ಲಿ ದೊಡ್ಡ ಜನಸಂದಣಿ ಸೇರುವುದು ಅಪಾಯಕರವೆಂದು ಸೇನೆ ಭಾವಿಸಿತು. ಪಂದ್ಯವೇ ರದ್ದಾಗುವ ಸ್ಥಿತಿಯಲ್ಲಿ, ಅದನ್ನು ತನ್ನ ಮೈದಾನದಲ್ಲಿ ನಡೆಸಲು ಡ್ಯೂಕ್ ಮುಂದೆ ಬಂದಿತು. ನೆರೆಯ ವಿಶ್ವವಿದ್ಯಾಲಯಗಳಿಂದ ಆಸನಗಳನ್ನು ಎರವಲು ತರಲಾಯಿತು.

1942ರ ಜನವರಿ 1ರಂದು ಮಳೆಯ ನಡುವೆ ಸುಮಾರು 56,000 ಜನ ನೋಡಿದ ಆ ಪಂದ್ಯದಲ್ಲಿ ಆರೆಗಾನ್ ಸ್ಟೇಟ್ ತಂಡವು ಡ್ಯೂಕ್ ತಂಡವನ್ನು 20–16 ಅಂತರದಿಂದ ಸೋಲಿಸಿತು. ಜಪಾನೀ ಮೂಲದವರೆಂಬ ಕಾರಣಕ್ಕೆ ಆರೆಗಾನ್ ಸ್ಟೇಟ್‌ನ ಜ್ಯಾಕ್ ಯೋಶಿಹಾರಾ ಅವರಿಗೆ ತಂಡದೊಡನೆ ಪ್ರಯಾಣಿಸಲು ಅನುಮತಿ ದೊರೆಯಲಿಲ್ಲ; ಮುಂದೆ ಅವರನ್ನು ಬಂಧನ ಶಿಬಿರದಲ್ಲಿ ಇರಿಸಲಾಯಿತು. ಆ ದಿನ ಪರಸ್ಪರ ಎದುರಾಳಿಗಳಾಗಿದ್ದ ಯುವಕರಲ್ಲಿ ಅನೇಕರು ಬೇಗನೆ ಒಂದೇ ಸೇನೆಯ ಸೈನಿಕರಾದರು. ಎರಡೂ ತಂಡಗಳ ಕೆಲವರು ಯುದ್ಧದಲ್ಲಿ ಮಡಿದರು.

ಪಂದ್ಯ ಮುಗಿದ ಕೆಲವೇ ತಿಂಗಳಲ್ಲಿ ವೇಡ್ ತಾವೂ ಸೇನೆಗೆ ಮರಳಿದರು. ಆಗ ಅವರಿಗೆ ಐವತ್ತು ವರ್ಷ ಸಮೀಪಿಸಿತ್ತು. ಯುರೋಪಿನಲ್ಲಿ ಫಿರಂಗಿದಳದ ತುಕಡಿಯೊಂದನ್ನು ಮುನ್ನಡೆಸಿ, ಬಲ್ಜ್ ಕದನವೂ ಸೇರಿದಂತೆ ಹಲವು ಕಾಳಗಗಳಲ್ಲಿ ಭಾಗವಹಿಸಿದರು. ಅವರಿಗೆ ಅಮೆರಿಕದ ಬ್ರಾಂಜ್ ಸ್ಟಾರ್ ಮತ್ತು ಫ್ರಾನ್ಸ್‌ನ ಕ್ರ್ವಾ ದ ಗೇರ್ ಪದಕಗಳು ದೊರೆತವು. ಅವರಿಲ್ಲದ ಅವಧಿಯಲ್ಲಿ, 1945ರ ಶುಗರ್ ಬೌಲ್‌ನಲ್ಲಿ ಎಡ್ಡಿ ಕ್ಯಾಮರಾನ್ ತರಬೇತಿಯ ಡ್ಯೂಕ್ 29–26 ಅಂತರದಿಂದ ಗೆದ್ದಿತು. ಸೋತದ್ದು ವೇಡ್ ಹಿಂದೆ ಕಟ್ಟಿ ಬೆಳೆಸಿದ್ದ ಅಲಬಾಮಾ.

ನಂತರದ ಜೀವನ

1946ರಲ್ಲಿ ವೇಡ್ ಡ್ಯೂಕ್ ತಂಡಕ್ಕೆ ಮರಳಿದರು. ಹಿಂದಿನ ಮಟ್ಟದ ಯಶಸ್ಸು ಮತ್ತೆ ಸಿಗಲಿಲ್ಲ. ತಂಡ ಯಾವ ಬೌಲ್ ಪಂದ್ಯಕ್ಕೂ ಹೋಗಲಿಲ್ಲ. 1947ರಿಂದ ರೋಸ್ ಬೌಲ್ ಪಶ್ಚಿಮ ಕರಾವಳಿಯ ಮತ್ತು ಮಧ್ಯಪಶ್ಚಿಮದ ಕೂಟಗಳ ನಡುವಿನ ಒಪ್ಪಂದಕ್ಕೆ ಒಳಪಟ್ಟಿದ್ದರಿಂದ ದಕ್ಷಿಣದ ತಂಡಗಳಿಗೆ ಆ ಬಾಗಿಲೂ ಮುಚ್ಚಿತು. 1950ರ ಋತುವಿನ ನಂತರ ತರಬೇತಿ ಬಿಟ್ಟ ಅವರು 1951ರಿಂದ 1960ರವರೆಗೆ ಸದರ್ನ್ ಕಾನ್ಫರೆನ್ಸ್‌ನ ಆಯುಕ್ತರಾಗಿದ್ದರು. 1986ರ ಅಕ್ಟೋಬರ್‌ನಲ್ಲಿ, 94ನೆಯ ವಯಸ್ಸಿನಲ್ಲಿ ಡರ್ಹಮ್‌ನಲ್ಲಿ ನಿಧನರಾದರು.

ವೇಡ್ ಭಾಗವಹಿಸಿದ ರೋಸ್ ಬೌಲ್ ಪಂದ್ಯಗಳು

- 1916 – ಬ್ರೌನ್ (ಆಟಗಾರರಾಗಿ) – ವಾಷಿಂಗ್ಟನ್ ಸ್ಟೇಟ್ ವಿರುದ್ಧ 0–14 ಸೋಲು
- 1926 – ಅಲಬಾಮಾ – ವಾಷಿಂಗ್ಟನ್ ವಿರುದ್ಧ 20–19 ಗೆಲುವು
- 1927 – ಅಲಬಾಮಾ – ಸ್ಟ್ಯಾನ್‌ಫರ್ಡ್ ವಿರುದ್ಧ 7–7 ಸಮ
- 1931 – ಅಲಬಾಮಾ – ವಾಷಿಂಗ್ಟನ್ ಸ್ಟೇಟ್ ವಿರುದ್ಧ 24–0 ಗೆಲುವು
- 1939 – ಡ್ಯೂಕ್ – ಸದರ್ನ್ ಕ್ಯಾಲಿಫೋರ್ನಿಯಾ ವಿರುದ್ಧ 3–7 ಸೋಲು
- 1942 – ಡ್ಯೂಕ್ – ಆರೆಗಾನ್ ಸ್ಟೇಟ್ ವಿರುದ್ಧ 16–20 ಸೋಲು

ಗೌರವಗಳು

1955ರಲ್ಲಿ ವೇಡ್ ಅವರನ್ನು ಕಾಲೇಜು ಫುಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು. 1967ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ ತನ್ನ ಕ್ರೀಡಾಂಗಣಕ್ಕೆ ವ್ಯಾಲೇಸ್ ವೇಡ್ ಕ್ರೀಡಾಂಗಣವೆಂದು ಹೆಸರಿಟ್ಟಿತು. ಅಲಬಾಮಾದ ಟಸ್ಕಲೂಸಾದಲ್ಲಿರುವ ಬ್ರಯಂಟ್–ಡೆನ್ನಿ ಕ್ರೀಡಾಂಗಣದ ಎದುರು, ರಾಷ್ಟ್ರೀಯ ಪ್ರಶಸ್ತಿ ಗೆದ್ದ ಇತರ ತರಬೇತುದಾರರ ಜೊತೆಗೆ ಅವರ ಪ್ರತಿಮೆಯೂ ಇದೆ. 2021ರಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಪಂದ್ಯವನ್ನು ಟೆಕ್ಸಸ್‌ಗೆ ಸ್ಥಳಾಂತರಿಸುವವರೆಗೆ, ರೋಸ್ ಬೌಲ್ ಪ್ಯಾಸಡೀನಾದ ಹೊರಗೆ ನಡೆದ ಏಕೈಕ ಸ್ಥಳ ಡರ್ಹಮ್‌ನ ಈ ಕ್ರೀಡಾಂಗಣವಾಗಿತ್ತು.